ನೀಹಾರಿಕೆ ಕೆಂಪೋ, ನೀಲಿಯೋ, ಕಪ್ಪೋ: ತೀರ್ಮಾನಿಸುವುದು ಯಾವುದು?

ಓದುಗರ ಪ್ರಶ್ನೆ: ನೀಹಾರಿಕೆಗಳಲ್ಲಿ ಉತ್ಸರ್ಜನ, ಪ್ರತಿಫಲನ, ಕಪ್ಪು, ಗ್ರಹೀಯ, ಸೂಪರ್‌ನೋವಾ ಅವಶೇಷ ಎಂದು ಐದು ವಿಧ ಇವೆ ಎಂದು ಓದಿದ್ದೇನೆ. ಆದರೆ ಟ್ರಿಫಿಡ್ ನೀಹಾರಿಕೆಯ ಫೋಟೋದಲ್ಲಿ ಕೆಂಪು, ನೀಲಿ, ಕಪ್ಪು ಮೂರೂ ಒಟ್ಟಿಗೇ ಇವೆ. ಅದು ಯಾವ ವಿಧ? ನಕ್ಷತ್ರ ಹುಟ್ಟುವ ಜಾಗವೂ ನೀಹಾರಿಕೆ, ಸಾಯುವ ಜಾಗವೂ ನೀಹಾರಿಕೆ, ಇದು ಹೇಗೆ? ನನ್ನ 10×50 ಬೈನಾಕ್ಯುಲರ್‌ನಲ್ಲಿ ಒರಾಯನ್ ನೀಹಾರಿಕೆ ಬರೀ ಬೂದು ಮಸುಕಾಗಿ ಕಂಡಿತು. ಬಣ್ಣ ಎಲ್ಲಿ ಹೋಯಿತು?

ಉತ್ತರ:

ಟ್ರಿಫಿಡ್, ಅಂದರೆ ಮೆಸ್ಸಿಯೇ ಪಟ್ಟಿಯ ಎಂ 20, ಆ ಮೂರೂ ವಿಧಕ್ಕೆ ಸೇರುತ್ತದೆ. ಗೊಂದಲ ಹುಟ್ಟಿಸುತ್ತಿರುವುದು ಆ ಐದರ ಪಟ್ಟಿಯೇ. ನೋಡಲು ಅದು ಐದು ಜಾತಿಯ ಮೋಡಗಳ ಪಟ್ಟಿಯಂತಿದೆ. ನಿಜಕ್ಕೂ ಅದರಲ್ಲಿ ಎರಡು ಬೇರೆ ಬೇರೆ ವಿಂಗಡಣೆಗಳು ಬೆರೆತುಹೋಗಿವೆ. ಉತ್ಸರ್ಜನ, ಪ್ರತಿಫಲನ, ಕಪ್ಪು ಎಂಬ ಮೊದಲ ಮೂರು ಹೆಸರುಗಳು ಮೋಡಕ್ಕೂ ಬೆಳಕಿಗೂ ಇರುವ ಸಂಬಂಧವನ್ನು ತಿಳಿಸುತ್ತವೆ. ಕೊನೆಯ ಎರಡು ಹೆಸರುಗಳು ಆ ಅನಿಲ ಎಲ್ಲಿಂದ ಬಂತು ಎಂಬುದನ್ನು ತಿಳಿಸುತ್ತವೆ. ಆದ್ದರಿಂದ ಯಾವ ನೀಹಾರಿಕೆ ಎದುರಾದರೂ ಹೆಸರು ಹುಡುಕುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಈ ಬೆಳಕಿನ ಮೂಲ ಯಾವುದು? ಈ ಅನಿಲ ಇದಕ್ಕೆ ಮುಂಚೆ ಎಲ್ಲಿತ್ತು? ಇವೆರಡಕ್ಕೆ ಉತ್ತರ ಸಿಕ್ಕರೆ ವಿಧ ತಾನಾಗಿಯೇ ಗೊತ್ತಾಗುತ್ತದೆ.

ತಣ್ಣನೆಯ ಮೋಡ

ನಕ್ಷತ್ರಗಳ ನಡುವಿನ ಬಯಲಿನಲ್ಲಿ ಸರಾಸರಿ ಒಂದು ಘನ ಸೆಂಟಿಮೀಟರಿಗೆ ಒಂದು ಪರಮಾಣು ಇದೆ ಎನ್ನಬಹುದು. ತೂಕದ ಲೆಕ್ಕದಲ್ಲಿ ಸರಿಸುಮಾರು ಮುಕ್ಕಾಲು ಪಾಲು ಹೈಡ್ರೋಜನ್, ಕಾಲು ಪಾಲು ಹೀಲಿಯಂ. ಆಮ್ಲಜನಕ, ಇಂಗಾಲ, ಸಾರಜನಕ, ಗಂಧಕ, ಕಬ್ಬಿಣ ಎಲ್ಲ ಸೇರಿ ಶೇಕಡಾ ಒಂದೆರಡು. ಒಟ್ಟು ತೂಕದಲ್ಲಿ ಸುಮಾರು ಶೇಕಡಾ 1ರಷ್ಟು ದೂಳಿನ ರೂಪದಲ್ಲಿರುತ್ತದೆ. ಸಿಲಿಕೇಟ್ ಮತ್ತು ಇಂಗಾಲದ ಈ ಕಣಗಳ ಗಾತ್ರ ಒಂದು ಮೈಕ್ರೋಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಈ ದೂಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವ ನೀಲಿಗೂ ಕಪ್ಪಿಗೂ ಅದೇ ಕಾರಣ.

ಈ ಅನಿಲ ಒತ್ತೊತ್ತಾಗಿ ಸೇರಿದ ಕಡೆ ಹೈಡ್ರೋಜನ್ ಪರಮಾಣುಗಳು ದೂಳಿನ ಕಣಗಳ ಮೇಲೆ ಜೋಡಿಯಾಗಿ ಅಣುಗಳಾಗುತ್ತವೆ. ಅದೇ ಅಣುಮೋಡ. ಅಲ್ಲಿ ಘನ ಸೆಂಟಿಮೀಟರಿಗೆ ನೂರರಿಂದ ಹಿಡಿದು ಹತ್ತು ಲಕ್ಷದವರೆಗೆ ಅಣುಗಳಿರುತ್ತವೆ. ಉಷ್ಣತೆ 10ರಿಂದ 20 ಕೆಲ್ವಿನ್, ಅಂದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ 250 ಡಿಗ್ರಿಗೂ ಕೆಳಗೆ. ಮೋಡ ಎಂದೊಡನೆ ದಟ್ಟವಾದದ್ದೇನೋ ಎಂದುಕೊಳ್ಳಬೇಡಿ. ನಾವು ಉಸಿರಾಡುವ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿ 25ರ ಮುಂದೆ 18 ಸೊನ್ನೆ ಹಾಕಿದಷ್ಟು ಅಣುಗಳಿವೆ. ಪ್ರಯೋಗಾಲಯದ ಒಳ್ಳೆಯ ನಿರ್ವಾತಕ್ಕಿಂತಲೂ ವಿರಳವಾದ ಈ ಮೋಡ ಹಿಂದಿನ ನಕ್ಷತ್ರಗಳನ್ನು ಮರೆಮಾಡಲು ಸಾಧ್ಯವಾಗುವುದು ಅದರ ಆಳದಿಂದ. ಬೆಳಕು ಅದರೊಳಗೆ ಲಕ್ಷಗಟ್ಟಲೆ ಕೋಟಿ ಕಿಲೋಮೀಟರ್ ಸಾಗಬೇಕು. ಅಷ್ಟು ದೂರದಲ್ಲಿ ಯಾವುದಾದರೂ ಒಂದು ದೂಳಿನ ಕಣ ಅಡ್ಡ ಬಂದೇ ಬರುತ್ತದೆ.

ಇಷ್ಟು ತಣ್ಣಗಿರುವ ಹೈಡ್ರೋಜನ್ ಅಣು ತನ್ನದೇ ಬೆಳಕನ್ನು ಹೆಚ್ಚುಕಡಿಮೆ ಸೂಸುವುದೇ ಇಲ್ಲ. ಹಾಗಾಗಿ ಖಗೋಳವಿಜ್ಞಾನಿಗಳು ಅದರ ಜೊತೆಗಿರುವ ಕಾರ್ಬನ್ ಮೊನಾಕ್ಸೈಡ್ ಅಣುವನ್ನು ಹಿಡಿದು ಮೋಡದ ನಕ್ಷೆ ಬರೆಯುತ್ತಾರೆ. ಆ ಅಣು ಹೊಮ್ಮಿಸುವ 2.6 ಮಿಲಿಮೀಟರ್ ತರಂಗಾಂತರದ ರೇಡಿಯೋ ಅಲೆಯನ್ನು 1970ರಲ್ಲಿ ಮೊದಲು ಗುರುತಿಸಿದ್ದು ಒರಾಯನ್ ನೀಹಾರಿಕೆಯ ದಿಕ್ಕಿನಲ್ಲೇ.

ಇಂಥ ಮೋಡ ತನ್ನ ಹಿಂದಿರುವ ಪ್ರಕಾಶಕ್ಕೆ ಅಡ್ಡ ನಿಂತರೆ ನಮಗೆ ಕಪ್ಪು ನೀಹಾರಿಕೆ. 18ನೇ ಶತಮಾನದಲ್ಲಿ ವಿಲಿಯಂ ಹರ್ಷೆಲ್ ಇವನ್ನು ನಕ್ಷತ್ರಗಳೇ ಇಲ್ಲದ ತೂತುಗಳು ಎಂದುಕೊಂಡಿದ್ದರು. ಅಮೆರಿಕದ ಇ. ಇ. ಬರ್ನಾರ್ಡ್ ಆಕಾಶಗಂಗೆಯ ಫೋಟೋಗಳಿಂದ 1919ರಲ್ಲಿ 182 ಕಪ್ಪು ಗುರುತುಗಳ ಪಟ್ಟಿ ಪ್ರಕಟಿಸಿದರು. ಅವುಗಳಲ್ಲಿ ಉರಗಧರ ನಕ್ಷತ್ರಪುಂಜದ ಬರ್ನಾರ್ಡ್ 68 ಪಾಠದಂಥ ಉದಾಹರಣೆ: ಅಡ್ಡಳತೆ ಸುಮಾರು ಅರ್ಧ ಜ್ಯೋತಿರ್ವರ್ಷ, ಒಟ್ಟು ಅನಿಲ ಸೂರ್ಯನ ಒಂದೆರಡು ಪಟ್ಟು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದರ ನಡುಭಾಗ ಮಸಿಯಷ್ಟು ಕಪ್ಪು. ಅವಕೆಂಪು ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಹಿಂದಿನ ನಕ್ಷತ್ರಗಳು ಅದರ ಮೂಲಕವೇ ಕಾಣುತ್ತವೆ. ತರಂಗಾಂತರ ದೂಳಿನ ಕಣಕ್ಕಿಂತ ತುಂಬ ದೊಡ್ಡದಾದರೆ ಬೆಳಕು ಕಣವನ್ನು ಬಳಸಿ ಹೋಗಿಬಿಡುತ್ತದೆ. ಜೇಮ್ಸ್ ವೆಬ್ ದೂರದರ್ಶಕವನ್ನು ಅವಕೆಂಪಿಗಾಗಿ ಕಟ್ಟಿದ್ದಕ್ಕೆ ಇದೂ ಒಂದು ಕಾರಣ.

ಮೋಡ ಕುಸಿಯುವುದು, ಕುಸಿಯದೇ ಉಳಿಯುವುದು

ಮೋಡದ ಗುರುತ್ವ ಒಳಕ್ಕೆ ಎಳೆಯುತ್ತದೆ. ಅದರ ಶಾಖ, ಒಳಗಿನ ಪ್ರಕ್ಷುಬ್ಧ ಚಲನೆ ಮತ್ತು ಕಾಂತಕ್ಷೇತ್ರ ಹೊರಕ್ಕೆ ತಳ್ಳುತ್ತವೆ. ಮೋಡ ತಣ್ಣಗಿದ್ದಷ್ಟೂ, ಒತ್ತಾದಷ್ಟೂ ಗುರುತ್ವದ ಕೈ ಮೇಲಾಗುತ್ತದೆ. 10 ಕೆಲ್ವಿನ್ ಉಷ್ಣತೆ, ಘನ ಸೆಂಟಿಮೀಟರಿಗೆ 10,000 ಅಣು ಇರುವ ಕಡೆ ಸೂರ್ಯನ ಕೆಲವು ಪಟ್ಟು ಅನಿಲ ಒಂದೆಡೆ ಸೇರಿದರೆ ಸಾಕು, ಶಾಖಕ್ಕೆ ಅದನ್ನು ತಡೆಹಿಡಿಯಲಾಗದು. ಬೇರೇನೂ ಅಡ್ಡಿಯಿಲ್ಲದಿದ್ದರೆ ಅದು ಮೂರು ನಾಲ್ಕು ಲಕ್ಷ ವರ್ಷಗಳಲ್ಲಿ ಕುಸಿಯುತ್ತದೆ. ಖಗೋಳದ ಲೆಕ್ಕದಲ್ಲಿ ಇದು ಬಹಳ ಬೇಗ.

ಹಾಗಾದರೆ ಆಕಾಶಗಂಗೆಯ ಅನಿಲವೆಲ್ಲ ಎಂದೋ ನಕ್ಷತ್ರಗಳಾಗಿ ಮುಗಿದುಹೋಗಬೇಕಿತ್ತಲ್ಲ? ಹಾಗೆ ಆಗಿಲ್ಲ. ದೊಡ್ಡ ಅಣುಮೋಡವೊಂದರ ಅನಿಲದಲ್ಲಿ ನಕ್ಷತ್ರವಾಗುವುದು ಶೇಕಡಾ ಕೆಲವು ಮಾತ್ರ. ಪ್ರಕ್ಷುಬ್ಧತೆಯೂ ಕಾಂತಕ್ಷೇತ್ರವೂ ಬಹುಪಾಲನ್ನು ಹಿಡಿದಿಡುತ್ತವೆ. ಮೊದಲು ಹುಟ್ಟಿದ ಭಾರೀ ನಕ್ಷತ್ರಗಳು ಉಳಿದದ್ದನ್ನು ಕಾಯಿಸಿ ಚದುರಿಸುತ್ತವೆ. ನೀಹಾರಿಕೆಯ ಸೊಬಗೆಂದು ನಾವು ಮೆಚ್ಚುವುದು ಬಹುಮಟ್ಟಿಗೆ ಈ ಚದುರುವಿಕೆಯನ್ನೇ.

ಅದೇ ಮೋಡ, ಬೇರೆ ಬೆಳಕು

ಮೋಡದ ಒಳಗೋ ಪಕ್ಕದಲ್ಲೋ ಒಂದು ನಕ್ಷತ್ರ ಬೆಳಗಿತು ಎನ್ನಿ. ಮುಂದೆ ಏನಾಗುತ್ತದೆ ಎಂಬುದು ಆ ನಕ್ಷತ್ರದ ಮೇಲ್ಮೈ ಉಷ್ಣತೆಯ ಮೇಲೆ ನಿಂತಿದೆ. 1922ರಲ್ಲಿ ಎಡ್ವಿನ್ ಹಬಲ್ ಹತ್ತಾರು ನೀಹಾರಿಕೆಗಳನ್ನೂ ಅವುಗಳ ಬಳಿಯ ನಕ್ಷತ್ರಗಳನ್ನೂ ಹೋಲಿಸಿ ಒಂದು ಗಡಿ ಕಂಡುಕೊಂಡರು. ನಕ್ಷತ್ರ ಸುಮಾರು 25,000 ಕೆಲ್ವಿನ್‌ಗಿಂತ ಬಿಸಿಯಿದ್ದರೆ ಮೋಡ ತಾನೇ ಬೆಳಗುತ್ತದೆ. ಅದಕ್ಕಿಂತ ತಣ್ಣಗಿದ್ದರೆ ನಕ್ಷತ್ರದ ಬೆಳಕನ್ನು ಚದುರಿಸುತ್ತದೆ, ಅಷ್ಟೇ.

ಚದುರಿಸುವುದೇ ಪ್ರತಿಫಲನ ನೀಹಾರಿಕೆ. ಕೃತ್ತಿಕೆಯ ಮೆರೋಪೆ ನಕ್ಷತ್ರದ ಸುತ್ತಲಿನ ಮಸುಕಾದ ಬೆಳಕಿನ ರೋಹಿತವನ್ನು, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯನ್ನು, 1912ರಲ್ಲಿ ಲೊವೆಲ್ ವೀಕ್ಷಣಾಲಯದ ವೆಸ್ಟೋ ಸ್ಲೈಫರ್ ತೆಗೆದಾಗ ಅದರಲ್ಲಿ ಅನಿಲದ ಹೊಳಪಿನ ಗೆರೆಗಳಿರಲಿಲ್ಲ. ನಕ್ಷತ್ರದ ರೋಹಿತದಲ್ಲಿದ್ದ ಕಪ್ಪು ಗೆರೆಗಳೇ ಅಲ್ಲೂ ಇದ್ದವು. ಬೆಳಕು ಮೋಡದ್ದಲ್ಲ, ನಕ್ಷತ್ರದ್ದು ಎಂಬುದಕ್ಕೆ ಅದು ನೇರ ಸಾಕ್ಷಿ. ಊದುಬತ್ತಿಯ ಹೊಗೆಯನ್ನು ಕತ್ತಲೆಯ ಹಿನ್ನೆಲೆಯಲ್ಲಿ ಪಕ್ಕದಿಂದ ಬೆಳಕು ಬಿಟ್ಟು ನೋಡಿ, ನೀಲಿಯಾಗಿ ಕಾಣುತ್ತದೆ. ಅದೇ ಹೊಗೆಯನ್ನು ದೀಪಕ್ಕೆ ಅಡ್ಡ ಹಿಡಿದರೆ ದೀಪ ಕಂದುಕೆಂಪಾಗಿ ಮಂಕಾಗುತ್ತದೆ. ಮೋಡದ ದೂಳು ಮಾಡುವುದೂ ಅದನ್ನೇ: ನೀಲಿಯನ್ನು ಹೆಚ್ಚು ಚದುರಿಸುತ್ತದೆ, ಕೆಂಪನ್ನು ಹೆಚ್ಚು ಹಾದುಹೋಗಲು ಬಿಡುತ್ತದೆ. ಹಾಗೆಂದು ಪ್ರತಿಫಲನ ನೀಹಾರಿಕೆ ಯಾವಾಗಲೂ ನೀಲಿಯೇ ಇರಬೇಕೆಂದಿಲ್ಲ. ವೃಶ್ಚಿಕದ ಜ್ಯೇಷ್ಠಾ ನಕ್ಷತ್ರ ಕೆಂಪು ಮಹಾದೈತ್ಯ. ಅದರ ಸುತ್ತಲಿನ ಮೋಡ ಹಳದಿಯಾಗಿ ಕಾಣುತ್ತದೆ.

ಕೃತ್ತಿಕೆಯ ಬಗ್ಗೆ ಇನ್ನೊಂದು ಮಾತು. ಅದರ ನೀಲಿ ಮೋಡವನ್ನು ಆ ನಕ್ಷತ್ರಗಳು ಹುಟ್ಟಿದ ಮೋಡದ ಉಳಿಕೆ ಎಂದು ಈಗಲೂ ಹಲವೆಡೆ ಬರೆಯುತ್ತಾರೆ. ಆ ಗುಂಪಿಗೆ ವಯಸ್ಸು ಸುಮಾರು 10 ಕೋಟಿ ವರ್ಷ. ಹುಟ್ಟಿದ ಮೋಡ ಎಂದೋ ಕರಗಿಹೋಗಿದೆ. ಈಗ ಕಾಣುತ್ತಿರುವುದು ನಕ್ಷತ್ರಗಳ ದಾರಿಗೆ ಅಡ್ಡ ಬಂದ, ಸಂಬಂಧವೇ ಇಲ್ಲದ ಬೇರೊಂದು ಮೋಡ. ಎರಡರ ವೇಗ ಮತ್ತು ದಿಕ್ಕು ಬೇರೆ ಬೇರೆ ಎಂಬುದರಿಂದ ಇದು ತಿಳಿದಿದೆ.

ಕೆಂಪು ಬರುವುದು ಹೇಗೆ

ಉತ್ಸರ್ಜನ ನೀಹಾರಿಕೆಯಲ್ಲಿ ಏನೂ ಉರಿಯುತ್ತಿಲ್ಲ. ಅಲ್ಲಿ ನಡೆಯುವುದು ಪರಮಾಣು ಒಡೆಯುವ, ಮತ್ತೆ ಕೂಡುವ ಕೆಲಸ. ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳಲು 13.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅಷ್ಟು ಶಕ್ತಿ ಇರುವುದು 91.2 ನ್ಯಾನೋಮೀಟರಿಗಿಂತ ಚಿಕ್ಕ ತರಂಗಾಂತರದ ಅತಿನೇರಳೆ ಬೆಳಕಿಗೆ. ಸೂರ್ಯನಂಥ 5,800 ಕೆಲ್ವಿನ್ ನಕ್ಷತ್ರ ಅಂಥ ಬೆಳಕನ್ನು ಲೆಕ್ಕಕ್ಕೆ ಬಾರದಷ್ಟು ಕಡಿಮೆ ಹೊಮ್ಮಿಸುತ್ತದೆ. 35,000–40,000 ಕೆಲ್ವಿನ್‌ನ ಓ ವರ್ಗದ ನಕ್ಷತ್ರ ಸೆಕೆಂಡಿಗೆ 1ರ ಮುಂದೆ 49 ಸೊನ್ನೆ ಹಾಕಿದಷ್ಟು ಅಂಥ ಬೆಳಕಿನ ಕಣಗಳನ್ನು ಸುರಿಯಬಲ್ಲದು. ಕಿತ್ತುಹೋದ ಎಲೆಕ್ಟ್ರಾನ್ ಮತ್ತೊಂದು ಪ್ರೋಟಾನಿಗೆ ಸಿಕ್ಕಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಮೂರನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ ಇಳಿಯುವಾಗ 656.3 ನ್ಯಾನೋಮೀಟರಿನ ಕೆಂಪು ಬೆಳಕು ಹೊರಬರುತ್ತದೆ. ಅದೇ ಹೈಡ್ರೋಜನ್ ಆಲ್ಫಾ. ಫೋಟೋದಲ್ಲಿ ನೀವು ಕಂಡ ಕೆಂಪು ಅದು.

ಮೋಡದ ಎಷ್ಟು ಭಾಗ ಹೀಗೆ ಬೆಳಗುತ್ತದೆ ಎಂಬುದಕ್ಕೆ ಖಚಿತ ಲೆಕ್ಕವಿದೆ. ಡೆನ್ಮಾರ್ಕಿನ ಖಗೋಳವಿಜ್ಞಾನಿ ಬೆಂಗ್ಟ್ ಸ್ಟ್ರಾಮ್‌ಗ್ರೆನ್ 1939ರಲ್ಲಿ ತೋರಿಸಿದಂತೆ, ನಕ್ಷತ್ರ ಸೆಕೆಂಡಿಗೆ ಒಡೆಯುವ ಪರಮಾಣುಗಳೂ ಸೆಕೆಂಡಿಗೆ ಮತ್ತೆ ಕೂಡುವ ಪರಮಾಣುಗಳೂ ಸಮವಾಗುವ ದೂರದಲ್ಲಿ ಗಡಿ ಬೀಳುತ್ತದೆ. ಮೇಲೆ ಹೇಳಿದ ನಕ್ಷತ್ರದ ಸುತ್ತ ಘನ ಸೆಂಟಿಮೀಟರಿಗೆ 100 ಪರಮಾಣು ಇದ್ದರೆ ಆ ಗೋಳದ ತ್ರಿಜ್ಯ ಸುಮಾರು 10 ಜ್ಯೋತಿರ್ವರ್ಷ. 1,000 ಇದ್ದರೆ ಎರಡು ಜ್ಯೋತಿರ್ವರ್ಷಕ್ಕೆ ಇಳಿಯುತ್ತದೆ. ಗಡಿ ಬಹಳ ತೆಳು. ಅದರಾಚೆ ಅನಿಲ ಇದ್ದರೂ ಬೆಳಗುವುದಿಲ್ಲ. ನಕ್ಷತ್ರ ಒಮ್ಮೆಲೇ ಆರಿಹೋಯಿತು ಎಂದುಕೊಂಡರೆ, 100 ಪರಮಾಣುಗಳ ಆ ಮೋಡ ಸುಮಾರು 1,200 ವರ್ಷಗಳಲ್ಲಿ ಕಂದುತ್ತದೆ; 10,000 ಇರುವ ಕಡೆ ಹನ್ನೆರಡೇ ವರ್ಷ ಸಾಕು. ಅಂದರೆ ನೀಹಾರಿಕೆಯ ಬೆಳಕು ಎಂದೋ ಕೂಡಿಟ್ಟದ್ದಲ್ಲ, ನಕ್ಷತ್ರದಿಂದ ಸತತವಾಗಿ ಪೂರೈಕೆಯಾಗುತ್ತಿರುವುದು.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೇಘನಾದ ಸಾಹಾ ಅವರ 1920ರ ಅಯಾನೀಕರಣ (ಪರಮಾಣು ಎಲೆಕ್ಟ್ರಾನ್ ಕಳೆದುಕೊಳ್ಳುವುದು) ಸಮೀಕರಣವನ್ನು ತಂದು ಹಾಕುತ್ತಾರೆ. ಅದು ನಕ್ಷತ್ರದ ವಾತಾವರಣಕ್ಕೆ ಸರಿ, ನೀಹಾರಿಕೆಗೆ ಸಲ್ಲದು. ಸಾಹಾ ಸಮೀಕರಣಕ್ಕೆ ಉಷ್ಣ ಸಮತೋಲನ ಇರಬೇಕು. ನೀಹಾರಿಕೆಯಲ್ಲಿ ಪರಮಾಣುವನ್ನು ಒಡೆಯುತ್ತಿರುವುದು ಸುತ್ತಲಿನ ಅನಿಲದ ಶಾಖವಲ್ಲ, ಜ್ಯೋತಿರ್ವರ್ಷಗಳಾಚೆಯಿಂದ ಬರುತ್ತಿರುವ ಅತಿನೇರಳೆ.

ಹಸಿರಿನ ಕತೆ ಇನ್ನೂ ಸ್ವಾರಸ್ಯ. 1864ರಲ್ಲಿ ವಿಲಿಯಂ ಹಗಿನ್ಸ್ ಎನ್‌ಜಿಸಿ 6543 ಎಂಬ ಗ್ರಹೀಯ ನೀಹಾರಿಕೆಯತ್ತ ರೋಹಿತದರ್ಶಕ ತಿರುಗಿಸಿದಾಗ ಕಾಮನಬಿಲ್ಲಿನ ಪಟ್ಟಿಯ ಬದಲು ಬಿಡಿ ಗೆರೆಗಳು ಕಂಡವು. ಅದು ನಕ್ಷತ್ರಗಳ ಗುಂಪಲ್ಲ, ಅನಿಲ ಎಂದು ಆ ಕ್ಷಣಕ್ಕೆ ಖಚಿತವಾಯಿತು. ಆದರೆ 500.7 ಮತ್ತು 495.9 ನ್ಯಾನೋಮೀಟರಿನ ಎರಡು ಹಸಿರು ಗೆರೆಗಳು ಯಾವ ಧಾತುವಿಗೂ ಹೊಂದಲಿಲ್ಲ. ‘ನೆಬ್ಯುಲಿಯಂ’ ಎಂಬ ಹೊಸ ಧಾತುವೇ ಇರಬೇಕು ಎಂದರು. 1927ರಲ್ಲಿ ಐರಾ ಬೋವೆನ್ ಉತ್ತರ ಕಂಡುಹಿಡಿದರು: ಅವು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಗೆರೆಗಳು. ಆ ಅಯಾನು ಶಕ್ತಿ ಪಡೆದು ಉದ್ರಿಕ್ತವಾದ ಮೇಲೆ ಬೆಳಕು ಬಿಡಲು ಸರಾಸರಿ ಅರ್ಧ ನಿಮಿಷಕ್ಕೂ ಹೆಚ್ಚು ಕಾಯುತ್ತದೆ. ಭೂಮಿಯ ಮೇಲಿನ ಅನಿಲದಲ್ಲಿ ಅಷ್ಟರೊಳಗೆ ಇನ್ನೊಂದು ಕಣ ಬಂದು ಡಿಕ್ಕಿ ಹೊಡೆದು ಆ ಶಕ್ತಿಯನ್ನು ಕಿತ್ತುಕೊಂಡಿರುತ್ತದೆ. ನೀಹಾರಿಕೆಯ ವಿರಳತೆಯಲ್ಲಿ ಮಾತ್ರ ಅದಕ್ಕೆ ಅವಕಾಶ. ಅನಿಲವನ್ನು 10,000 ಕೆಲ್ವಿನ್ ಆಸುಪಾಸಿನಲ್ಲಿ ನಿಲ್ಲಿಸಿರುವುದೂ ಬಹುಮಟ್ಟಿಗೆ ಈ ಗೆರೆಗಳೇ, ಏಕೆಂದರೆ ಹೆಚ್ಚಾದ ಶಾಖ ಇವುಗಳ ಮೂಲಕ ಹೊರಟುಹೋಗುತ್ತದೆ.

ಒರಾಯನ್ ನೀಹಾರಿಕೆ, ಎಂ 42, ನಮ್ಮಿಂದ ಸುಮಾರು 1,350 ಜ್ಯೋತಿರ್ವರ್ಷ. ಅದರ ನಡುವಿನ ನಾಲ್ಕು ನಕ್ಷತ್ರಗಳ ಟ್ರಪೀಜಿಯಂನಲ್ಲಿ ಥೀಟಾ-1 ಒರಾಯನಿಸ್ ಸಿ ಎಂಬ ಒಂದೇ ನಕ್ಷತ್ರ ಬಹುಪಾಲು ಕೆಲಸ ಮಾಡುತ್ತಿದೆ. ಚಿತ್ರದಲ್ಲಿ ಉಬ್ಬಿದ ಗೋಳದಂತೆ ಕಂಡರೂ ಅದು ದೊಡ್ಡ ಅಣುಮೋಡವೊಂದರ ನಮ್ಮ ಕಡೆಯ ಮೈಯಲ್ಲಿ ಕೊರೆದ ಬೋಗುಣಿ. 10,000 ಕೆಲ್ವಿನ್‌ಗೆ ಕಾದ ಅನಿಲದ ಒತ್ತಡ ಪಕ್ಕದ ತಣ್ಣನೆಯ ಅನಿಲಕ್ಕಿಂತ ಸಾವಿರ ಪಟ್ಟು ಹೆಚ್ಚಾಗುತ್ತದೆ. ಅದು ಸೆಕೆಂಡಿಗೆ 10 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ, ಮೋಡದ ಗೋಡೆ ತೆಳುವಾಗಿದ್ದ ನಮ್ಮ ಕಡೆಗೆ ಹರಿದುಬರುತ್ತಿದೆ. ಹಿಂದೆ ಮೋಡದ ಬಹುಪಾಲು ಇನ್ನೂ ಕತ್ತಲಲ್ಲೇ ಇದೆ. ಹದ್ದಿನ ನೀಹಾರಿಕೆ ಎಂ 16ರ ಪ್ರಸಿದ್ಧ ಕಂಬಗಳೂ ಇದೇ ಕೊರೆತದ ಫಲ: ಹೆಚ್ಚು ಒತ್ತಾದ ಗಂಟುಗಳು ತಮ್ಮ ಹಿಂದಿನ ಅನಿಲಕ್ಕೆ ನೆರಳು ಕೊಟ್ಟು ಉಳಿಸಿಕೊಂಡಿವೆ.

ಈಗ ಟ್ರಿಫಿಡ್ ಚಿತ್ರವನ್ನು ಓದಬಹುದು. ನಡುವಿನ ಓ ವರ್ಗದ ನಕ್ಷತ್ರದ ಅತಿನೇರಳೆ ತಲುಪುವಷ್ಟು ಭಾಗ ಕೆಂಪು. ಉತ್ತರಕ್ಕೆ ಅಷ್ಟು ಬಿಸಿಯಲ್ಲದ ಇನ್ನೊಂದು ನಕ್ಷತ್ರದ ಸುತ್ತ ದೂಳು ಬೆಳಕನ್ನು ಚದುರಿಸುತ್ತಿರುವ ಭಾಗ ನೀಲಿ. ಕೆಂಪನ್ನು ಸೀಳುವ ಕಪ್ಪು ಪಟ್ಟಿಗಳು, ಬರ್ನಾರ್ಡ್ 85, ನಮ್ಮ ಕಡೆಗೆ ಚಾಚಿರುವ ಅದೇ ಮೋಡದ ದೂಳು. ನಾವು ಬೇರೊಂದು ದಿಕ್ಕಿನಿಂದ ನೋಡುತ್ತಿದ್ದರೆ ಆ ಪಟ್ಟಿಗಳು ಈ ಜಾಗದಲ್ಲಿ ಕಾಣುತ್ತಲೇ ಇರಲಿಲ್ಲ.

ನಕ್ಷತ್ರ ಬಿಟ್ಟುಕೊಟ್ಟ ಅನಿಲ

ಎರಡನೆಯ ಪ್ರಶ್ನೆಗೆ ಬರೋಣ. ಈವರೆಗಿನ ಮೋಡಗಳಿಗೆ ನಕ್ಷತ್ರ ಬೆಳಕು ಕೊಟ್ಟಿತು. ಗ್ರಹೀಯ ನೀಹಾರಿಕೆಯಲ್ಲಿ ಅನಿಲವೂ ಅದರದ್ದೇ. ಗ್ರಹಗಳಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಸಣ್ಣ ದೂರದರ್ಶಕದಲ್ಲಿ ದುಂಡಗೆ ಕಂಡದ್ದರಿಂದ 1780ರ ದಶಕದಲ್ಲಿ ಹರ್ಷೆಲ್ ಕೊಟ್ಟ ಹೆಸರು ಉಳಿದುಕೊಂಡಿದೆ.

ಸೂರ್ಯನ ಸುಮಾರು 1ರಿಂದ 8 ಪಟ್ಟು ದ್ರವ್ಯರಾಶಿಯ ನಕ್ಷತ್ರ ಕೊನೆಗಾಲದಲ್ಲಿ ಕೆಂಪು ದೈತ್ಯವಾಗಿ ಉಬ್ಬುತ್ತದೆ. ಅದರ ಹೊರಪದರ ಬಡಿದುಕೊಳ್ಳುತ್ತಾ ಮೇಲೇಳುತ್ತದೆ, ತಣಿದ ಅನಿಲದಲ್ಲಿ ದೂಳು ಕಟ್ಟುತ್ತದೆ, ನಕ್ಷತ್ರದ ಬೆಳಕು ಆ ದೂಳನ್ನು ತಳ್ಳುತ್ತದೆ, ದೂಳು ಅನಿಲವನ್ನು ಎಳೆದೊಯ್ಯುತ್ತದೆ. ಈ ಗಾಳಿಯ ವೇಗ ಸೆಕೆಂಡಿಗೆ ಹತ್ತು ಕಿಲೋಮೀಟರ್ ಆಸುಪಾಸು; ತೀವ್ರವಾದಾಗ ಹತ್ತು ಸಾವಿರ ವರ್ಷಕ್ಕೆ ಒಂದು ಸೂರ್ಯನಷ್ಟು ಅನಿಲ ಹೊರಟುಹೋಗುತ್ತದೆ. ಹೊದಿಕೆ ಕಳಚಿ ಒಳಗಿನ ಬಿಸಿ ತಿರುಳು ಹೊರಗೆ ಕಂಡಾಗ ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಮೀರಿದ ಹೊಸ ಗಾಳಿ ಹೊರಟು ಹಳೆಯ ನಿಧಾನದ ಅನಿಲವನ್ನು ಹಿಂದಿನಿಂದ ಗುಡಿಸಿ ಚಿಪ್ಪು ಮಾಡುತ್ತದೆ. ಸುನ್ ಕ್ವಾಕ್ ಮತ್ತು ಸಂಗಡಿಗರು ಈ ವಿವರಣೆ ಕೊಟ್ಟದ್ದು 1978ರಲ್ಲಿ. ‘ನಕ್ಷತ್ರ ಸಿಡಿದು ಗ್ರಹೀಯ ನೀಹಾರಿಕೆ ಆಯಿತು’ ಎಂದು ಬರೆಯುವುದು ತಪ್ಪು, ಇಲ್ಲಿ ಸ್ಫೋಟವಿಲ್ಲ.

ಅನಿಲ ಹೊರಬಂದ ಮಾತ್ರಕ್ಕೆ ಅದು ಬೆಳಗುವುದಿಲ್ಲ ಎಂಬುದು ಇಲ್ಲಿನ ಸೂಕ್ಷ್ಮ. ತಿರುಳು 30,000 ಕೆಲ್ವಿನ್ ಮುಟ್ಟುವವರೆಗೆ ಅತಿನೇರಳೆ ಸಾಲದು. ಅಲ್ಲಿಯವರೆಗೆ ಅದು ಪ್ರತಿಫಲನದಿಂದಷ್ಟೇ ಕಾಣುತ್ತದೆ. ಹಂಸ ನಕ್ಷತ್ರಪುಂಜದ ಮೊಟ್ಟೆ ನೀಹಾರಿಕೆ ಈಗ ಆ ಸ್ಥಿತಿಯಲ್ಲಿದೆ. ಮೇಲೆ ಹೇಳಿದಂಥದೇ ಗಡಿ ಇಲ್ಲೂ ಕೆಲಸ ಮಾಡುತ್ತಿದೆ ನೋಡಿ. ಹಗುರ ನಕ್ಷತ್ರದ ತಿರುಳು ಬಿಸಿಯಾಗಲು ತುಂಬ ತಡಮಾಡಿದರೆ ಅಷ್ಟರಲ್ಲಿ ಅನಿಲ ಚದುರಿಹೋಗಿ ನೀಹಾರಿಕೆ ಕಾಣಿಸಿಕೊಳ್ಳದೆಯೇ ಮುಗಿದುಬಿಡಬಹುದು. ಕಾಣಿಸಿಕೊಂಡದ್ದೂ ಸೆಕೆಂಡಿಗೆ 20–30 ಕಿಲೋಮೀಟರ್ ಹಿಗ್ಗುತ್ತಾ ಹತ್ತಿಪ್ಪತ್ತು ಸಾವಿರ ವರ್ಷಗಳಲ್ಲಿ ಮಾಸಿಹೋಗುತ್ತದೆ. ನಡುವೆ ಉಳಿಯುವ ತಿರುಳೇ ಶ್ವೇತಕುಬ್ಜ. ಪೂರ್ತಿ ದುಂಡಗಿನ ಗ್ರಹೀಯ ನೀಹಾರಿಕೆಗಳು ಕಡಿಮೆ. ಬಹುಪಾಲು ಎರಡು ರೆಕ್ಕೆಯಂತೆ ಅಥವಾ ಕೊಳವೆಯಂತೆ ಇರುವುದಕ್ಕೆ ಸುತ್ತುತ್ತಿರುವ ಜೊತೆ ನಕ್ಷತ್ರವೇ ಮುಖ್ಯ ಕಾರಣ ಎಂಬುದು ಈಗ ಬಲವಾದ ಅಭಿಪ್ರಾಯ.

ಸೂರ್ಯನ ಎಂಟು ಪಟ್ಟಿಗಿಂತ ಭಾರವಾದ ನಕ್ಷತ್ರದ ಕಬ್ಬಿಣದ ತಿರುಳು ಕುಸಿದಾಗ ನಡೆಯುವುದು ನಿಜವಾದ ಸ್ಫೋಟ, ಅದೇ ಸೂಪರ್‌ನೋವಾ. ಅನಿಲ ಸೆಕೆಂಡಿಗೆ ಸುಮಾರು 10,000 ಕಿಲೋಮೀಟರ್ ವೇಗದಲ್ಲಿ ಹೊರಟು ಆಘಾತ ತರಂಗವೆಬ್ಬಿಸುತ್ತದೆ. ಇಲ್ಲಿ ಅನಿಲವನ್ನು ಕಾಯಿಸುವುದು ನಕ್ಷತ್ರದ ಬೆಳಕಲ್ಲ, ಡಿಕ್ಕಿ. ಹಂಸದಲ್ಲಿರುವ ವೇಲ್ ನೀಹಾರಿಕೆಯ ತೆಳು ಎಳೆಗಳು ಅಂಥ ಆಘಾತದ ಮುಂಚೂಣಿ. ಸ್ಫೋಟ ನಡೆದು ಹತ್ತಿಪ್ಪತ್ತು ಸಾವಿರ ವರ್ಷಗಳಾಗಿವೆ. ಗಂಧಕದ 672–673 ನ್ಯಾನೋಮೀಟರಿನ ಗೆರೆಗಳ ಬೆಳಕು ಹೈಡ್ರೋಜನ್ ಆಲ್ಫಾದ ಶೇಕಡಾ 40ಕ್ಕಿಂತ ಹೆಚ್ಚಿದ್ದರೆ ಸೂಪರ್‌ನೋವಾ ಅವಶೇಷ ಎಂದು ಶಂಕಿಸುವುದು ವೃತ್ತಿನಿರತರ ರೂಢಿ.

ವೃಷಭದ ಏಡಿ ನೀಹಾರಿಕೆ, ಎಂ 1, ಇದಕ್ಕೂ ಒಂದು ಹೆಜ್ಜೆ ಭಿನ್ನ. 1054ರಲ್ಲಿ ಚೀನಾದ ಆಕಾಶವೀಕ್ಷಕರು ದಾಖಲಿಸಿದ ಸೂಪರ್‌ನೋವಾದ ಉಳಿಕೆ ಅದು. ದೂರ ಸುಮಾರು 6,500 ಜ್ಯೋತಿರ್ವರ್ಷ, ಹಿಗ್ಗುವ ವೇಗ ಸೆಕೆಂಡಿಗೆ ಸುಮಾರು 1,500 ಕಿಲೋಮೀಟರ್. ನಡುವಿನ ಪಲ್ಸಾರ್, ಅಂದರೆ ಕುಸಿದ ತಿರುಳಿನಿಂದ ಉಳಿದ ಪುಟ್ಟ ನ್ಯೂಟ್ರಾನ್ ನಕ್ಷತ್ರ, ಸೆಕೆಂಡಿಗೆ 30 ಸಲ ತಿರುಗುತ್ತಾ ದಿನಕ್ಕೆ ಸುಮಾರು 36 ನ್ಯಾನೋಸೆಕೆಂಡಿನಷ್ಟು ನಿಧಾನಗೊಳ್ಳುತ್ತಿದೆ. ಹಾಗೆ ಕಳೆದುಕೊಳ್ಳುವ ಶಕ್ತಿ ಸೂರ್ಯನ ಲಕ್ಷ ಪಟ್ಟು. ಬೆಳಕಿನ ವೇಗದ ಸಮೀಪ ಓಡುವ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತಾ ಬಿಡುವ ಸಿಂಕ್ರೊಟ್ರಾನ್ ಬೆಳಕೇ ಒಳಭಾಗದ ನೀಲಿ ಮಬ್ಬು. ಈ ಬೆಳಕು ಧ್ರುವೀಕೃತ, ಅಂದರೆ ಅದರ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ; 2015ರಲ್ಲಿ ಹಾರಿದ ಇಸ್ರೋದ ಆಸ್ಟ್ರೋಸ್ಯಾಟ್ ಏಡಿಯ ಪಲ್ಸಾರಿನ ಎಕ್ಸ್ ಕಿರಣಗಳ ಧ್ರುವೀಕರಣವನ್ನು ಅಳೆದಿದೆ. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್‌ನ ಪೋಲಿಕ್ಸ್ ಉಪಕರಣವನ್ನು ಈ ಬಗೆಯ ಅಳತೆಗೆಂದೇ ಕಟ್ಟಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ.

ಬೈನಾಕ್ಯುಲರ್‌ನಲ್ಲಿ ಬೂದು ಏಕೆ

ಮಂದ ಬೆಳಕಿನಲ್ಲಿ ಕಣ್ಣಿನ ಬಣ್ಣ ಗ್ರಹಿಸುವ ಕೋಶಗಳು ಕೆಲಸ ನಿಲ್ಲಿಸುತ್ತವೆ; ಉಳಿಯುವ ಕೋಶಗಳು 500 ನ್ಯಾನೋಮೀಟರ್ ಸುತ್ತ ಚುರುಕು, 656ಕ್ಕೆ ಹೆಚ್ಚುಕಡಿಮೆ ಕುರುಡು. ಹಾಗಾಗಿ ಕೆಂಪು ಕಾಣುವುದೇ ಇಲ್ಲ. ಆಮ್ಲಜನಕದ ಗೆರೆ ಕಾಣುತ್ತದೆ, ಬಣ್ಣವಿಲ್ಲದೆ. 8 ಇಂಚಿನ ದೂರದರ್ಶಕದಲ್ಲಿ ಎಂ 42ರ ನಡುಭಾಗ ಹಲವರಿಗೆ ನಸುಹಸಿರಾಗಿ ತೋರುತ್ತದೆ. ದೊಡ್ಡ ಕನ್ನಡಿ ನೀಹಾರಿಕೆಯನ್ನು ದೊಡ್ಡದಾಗಿ ತೋರಿಸುತ್ತದೆಯೇ ಹೊರತು ಅದರ ಮೈಯ ಪ್ರತಿ ಚೂರಿನ ಹೊಳಪನ್ನು ಬರಿಗಣ್ಣಿಗಿಂತ ಹೆಚ್ಚಿಸಲಾರದು. ಆದ್ದರಿಂದ ಕತ್ತಲೆಯ ಜಾಗವೇ ಮುಖ್ಯ. ಕಣ್ಣಿಗೆ 20–30 ನಿಮಿಷ ಕತ್ತಲು ಒಗ್ಗಿಸಿ. ನಡುವೆ ಒಮ್ಮೆ ಮೊಬೈಲ್ ನೋಡಿದರೂ ಮೊದಲಿನಿಂದ ಶುರು.

ದೂರದರ್ಶಕ ಇದ್ದರೆ ವಿಧವನ್ನು ನೀವೇ ಪರೀಕ್ಷಿಸಬಹುದು. ಆಮ್ಲಜನಕದ ಗೆರೆಯನ್ನು ಮಾತ್ರ ಬಿಡುವ ಒ-3 ಫಿಲ್ಟರನ್ನು ಕಣ್ಣಿಗೂ ಐಪೀಸಿಗೂ ನಡುವೆ ಹಿಡಿದು ಸರಿಸುತ್ತಾ ನೋಡಿ. ನಕ್ಷತ್ರಗಳು ಮಂಕಾಗಿ ನೀಹಾರಿಕೆ ಎದ್ದು ಕಂಡರೆ ಅದು ಉತ್ಸರ್ಜನೆ. ವೀಣಾದ ಎಂ 57, ಜಂಬುಕದ ಎಂ 27 ಹೀಗೆ ವರ್ತಿಸುತ್ತವೆ. ನಕ್ಷತ್ರದ ಜೊತೆಗೇ ನೀಹಾರಿಕೆಯೂ ಮಂಕಾದರೆ ಪ್ರತಿಫಲನ. ಒರಾಯನ್‌ನ ಎಂ 78ರಲ್ಲಿ ಮಾಡಿ ನೋಡಿ. ಏಡಿಗೆ ಫಿಲ್ಟರಿನಿಂದ ಹೆಚ್ಚೇನೂ ಲಾಭವಿಲ್ಲ, ಏಕೆಂದರೆ ಸಿಂಕ್ರೊಟ್ರಾನ್ ಬೆಳಕು ಎಲ್ಲ ಬಣ್ಣಕ್ಕೂ ಹರಡಿದೆ. ಬೀದಿಯ ಬಿಳಿ ಎಲ್‌ಇಡಿ ದೀಪಗಳೂ ಎಲ್ಲ ಬಣ್ಣದಲ್ಲಿ ಬೆಳಗುವುದರಿಂದ ಸೋಡಿಯಂ ದೀಪದ ಕಾಲದಲ್ಲಿ ಉಪಯೋಗಕ್ಕೆ ಬರುತ್ತಿದ್ದ ಅಗ್ಗದ ‘ನಗರ ಫಿಲ್ಟರ್’ಗಳನ್ನು ಈಗ ಕೊಳ್ಳಬೇಡಿ.

ಕರ್ನಾಟಕದಲ್ಲಿ ತೊಡಕು ಮುಂಗಾರಿನದ್ದು. ಎಂ 8, ಎಂ 20 ಸಂಜೆ ಆಕಾಶದಲ್ಲಿ ಚೆನ್ನಾಗಿರುವ ಜುಲೈ–ಆಗಸ್ಟ್ ಮೋಡದಲ್ಲೇ ಕಳೆಯುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ನಡುರಾತ್ರಿ ದಾಟಿದ ಮೇಲೆ ಅಥವಾ ಅಕ್ಟೋಬರಿನ ಮುಸ್ಸಂಜೆ ನೈಋತ್ಯದಲ್ಲಿ ನೋಡಿ. ಅಕ್ಟೋಬರಿನಲ್ಲೇ ಎಂ 57, ಎಂ 27 ಸಂಜೆ ಏಳರ ಹೊತ್ತಿಗೆ ಎತ್ತರದಲ್ಲಿರುತ್ತವೆ. ಎಂ 27 ನಿಮ್ಮ ಬೈನಾಕ್ಯುಲರ್‌ಗೂ ಸಿಗುತ್ತದೆ. ಎಂ 57ಕ್ಕೆ ದೂರದರ್ಶಕ, 60–100 ಪಟ್ಟು ವರ್ಧನೆ ಬೇಕು, ಕಡಿಮೆಯಾದರೆ ನಕ್ಷತ್ರದಂತೆ ಕಂಡು ಕೈತಪ್ಪುತ್ತದೆ. ಎಂ 42 ಜನವರಿ ಮಧ್ಯದಲ್ಲಿ ರಾತ್ರಿ ಹತ್ತೂಕಾಲರ ಸುಮಾರಿಗೆ ಬೆಂಗಳೂರಿನಿಂದ 70 ಡಿಗ್ರಿ ಮೇಲಿರುತ್ತದೆ. ಉತ್ತರ ದೇಶಗಳವರಿಗೆ ಸಿಗದ ಒಂದು ಭಾಗ್ಯವೂ ನಮಗಿದೆ: ಎಂ 42ಕ್ಕಿಂತ ದೊಡ್ಡದೂ ಪ್ರಕಾಶಮಾನವೂ ಆದ ಕರೀನಾ ನೀಹಾರಿಕೆ. ಏಪ್ರಿಲ್ ಮಧ್ಯದಲ್ಲಿ ರಾತ್ರಿ ಒಂಬತ್ತೂವರೆ ಹೊತ್ತಿಗೆ ಬೆಂಗಳೂರಿನಿಂದ ದಕ್ಷಿಣ ದಿಗಂತದ ಮೇಲೆ 17 ಡಿಗ್ರಿ, ಬೀದರಿನಿಂದ 12 ಡಿಗ್ರಿ. ದಕ್ಷಿಣಕ್ಕೆ ಊರಿನ ಬೆಳಕಿಲ್ಲದ, ಮರಗಳ ಅಡ್ಡಿಯಿಲ್ಲದ ಜಾಗ ಆರಿಸಿಕೊಳ್ಳಿ.

ಬಣ್ಣ ಬೇಕೆಂದರೆ ಕ್ಯಾಮೆರಾ. ಸಾಮಾನ್ಯ ಡಿಎಸ್‌ಎಲ್‌ಆರ್, 50 ಮಿಲಿಮೀಟರ್ ಲೆನ್ಸ್, ಎಫ್ 2.8, ಐಎಸ್‌ಒ 1600, ಟ್ರೈಪಾಡ್ ಇಷ್ಟರಲ್ಲೇ ಎಂ 42 ಗುಲಾಬಿಯಾಗಿ ಮೂಡುತ್ತದೆ. ಒಂದೊಂದು ಚಿತ್ರಕ್ಕೆ 6 ಸೆಕೆಂಡ್ ಮೀರಬೇಡಿ, ಮೀರಿದರೆ ಭೂಮಿಯ ತಿರುಗುವಿಕೆಯಿಂದ ನಕ್ಷತ್ರ ಗೆರೆಯಾಗುತ್ತದೆ. ನೂರು ಚಿತ್ರ ತೆಗೆದು ಡೀಪ್‌ಸ್ಕೈಸ್ಟ್ಯಾಕರ್‌ನಂಥ ಉಚಿತ ತಂತ್ರಾಂಶದಲ್ಲಿ ಸೇರಿಸಿ. ಫೋಕಸ್ಸನ್ನು ಲೆನ್ಸಿನ ಅನಂತ ಗುರುತಿಗೆ ಬಿಡದೆ ಲುಬ್ಧಕದ ಮೇಲೆ ಲೈವ್ ವ್ಯೂ ಹಿಗ್ಗಿಸಿ ಕೈಯಿಂದಲೇ ಹೊಂದಿಸಿ. ಚಳಿಗಾಲದ ಇಬ್ಬನಿ ಲೆನ್ಸಿನ ಮೇಲೆ ಕೂರುವುದರಿಂದ ಹದಿನೈದು ನಿಮಿಷಕ್ಕೊಮ್ಮೆ ಚಿತ್ರ ಪರೀಕ್ಷಿಸಿ. ಕಾರ್ಖಾನೆಯಲ್ಲೇ ಸಂವೇದಕದ ಮುಂದೆ ಕೂರಿಸಿದ ಫಿಲ್ಟರ್ 656.3 ನ್ಯಾನೋಮೀಟರಿನ ಬಹುಪಾಲನ್ನು ತಡೆಯುವುದರಿಂದ ಕುದುರೆತಲೆ ನೀಹಾರಿಕೆಯ ಹಿಂದಿನ ಕೆಂಪು ಇಂಥ ಕ್ಯಾಮೆರಾದಲ್ಲಿ ತೀರಾ ಕ್ಷೀಣ. ಅದಕ್ಕೆ ಫಿಲ್ಟರ್ ತೆಗೆಸಿದ ಕ್ಯಾಮೆರಾ ಅಥವಾ ಆಕಾಶವನ್ನು ಹಿಂಬಾಲಿಸುವ ಟ್ರ್ಯಾಕರ್ ಬೇಕಾಗುತ್ತದೆ. ಎಂ 42ರ ಟ್ರಪೀಜಿಯಂ 6 ಸೆಕೆಂಡಿನ ಚಿತ್ರಗಳಲ್ಲಿ ಬಿಳಿಯಾಗಿ ತುಂಬಿಹೋದರೆ ಒಂದೊಂದು ಸೆಕೆಂಡಿನ ಇಪ್ಪತ್ತು ಚಿತ್ರಗಳನ್ನು ಬೇರೆಯಾಗಿ ತೆಗೆದು ಆ ನಡುಭಾಗಕ್ಕೆ ಮಾತ್ರ ಅವನ್ನು ಬಳಸಿ.